ಮುಳ್ಳುಕತ್ತರಿಗೆ ಮೊದಲಿಟ್ಟ ಹೆಸರು

ನಮ್ಮ ಅತ್ತೆ ನನ್ನನ್ನು ಸೊಸೆ ಮಾಡಿಕೊಂಡದ್ದು ಮುಳ್ಳು ಚುಚ್ಚಿಸಿ! ಸುಳ್ಳಲ್ಲ, ಬಲಗೈ ಹೆಬ್ಬೆರಳಿನಲ್ಲಿ ಈಗಲೂ ಕಲೆ ಇದೆ. ಬೇಕಾದವರು ಬಂದು ನೋಡಬಹುದು. ಅವರ ಹೆಸರನ್ನು ಮಾತ್ರ ಈಗಲೇ ಕೇಳಬೇಡಿ. ಅದರದೇ ಒಂದು ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಅತ್ತೆ ಹೈದರಾಬಾದಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಲೋಕದಲ್ಲಿ ಮಲ್ಲಿಗೆ ಇದೆ, ಸಂಪಿಗೆ ಇದೆ. ಇವರು ಮನಸ್ಸು ಕೊಟ್ಟದ್ದು ಮುಳ್ಳುಕತ್ತರಿಗೆ! ಬೇಲಿಯಲ್ಲಿ, ಬಂಡೆಗಳ ಸಂದಿಯಲ್ಲಿ ಹಬ್ಬಿಕೊಂಡು, ಹೋಗಿಬರುವವರ ಸೆರಗು ಹಿಡಿದೆಳೆಯುವ ಕಾಡುಗಂಟಿ ಅದು. ತೆಲುಗಿನವರು ಆದೊಂಡ ಎನ್ನುತ್ತಾರೆ, ಬೀದರ ಕಡೆಯವರು ಮರಾಠಿಯಿಂದ ಎರವಲು ತಂದು ವಾಘಾಟಿ ಎನ್ನುತ್ತಾರೆ. ಅದರ ಬಳಗವೂ ದೊಡ್ಡದು: ಎಲೆಯೇ ಇಲ್ಲದ್ದು, ಮರವಾಗಿ ಬೆಳೆಯುವುದು, ಕಾಯಿಯ ಮೈತುಂಬ ಗಂಟು ಕಟ್ಟಿಕೊಂಡದ್ದು. ಯಾವುದು ಯಾವುದರ ದಾಯಾದಿ ಎಂದು ವಿಂಗಡಿಸುವುದರಲ್ಲೇ ಅತ್ತೆಯ ಅರ್ಧ ಆಯುಷ್ಯ ಹೋಗಿತ್ತು.

ನನ್ನನ್ನು ನೋಡಲು ಕಲಬುರಗಿಗೆ ಬಂದವರು ತಾಟಿನಲ್ಲಿಟ್ಟ ಚುರುಮುರಿ ಸುಸಲಾ ಮುಟ್ಟಲಿಲ್ಲ, ಹಾಡು ಹೇಳಿಸಲಿಲ್ಲ. ಚೀಲದಿಂದ ಒಂದು ಟೊಂಗೆ ತೆಗೆದು ನನ್ನ ಮುಂದೆ ಹಿಡಿದರು.

"ಮುಳ್ಳು ನೆಟ್ಟಗ ಐತೋ, ಬಗ್ಗೇತೋ?"

ನಮ್ಮವ್ವ ಬಾಗಿಲ ಹಿಂದೆ ದೇವರನ್ನು ನೆನೆಯತೊಡಗಿದಳು. ನಾನು ಮುಟ್ಟಿ ನೋಡಿದೆ. ಚುಚ್ಚಿತು, ರಕ್ತವೂ ಬಂತು.

"ಬಗ್ಗೇತ್ರಿ. ಜೋಡಿ ಜೋಡಿ ಅದಾವರಿ," ಎಂದೆ.

ಅತ್ತೆ ಮಗನ ಕಡೆ ತಿರುಗಿದರು. "ಮುಟ್ಟಿ ನೋಡಿ ಮ್ಯಾಲೆ ಮಾತಾಡ್ತಾಳ. ಇಕಿನ್ನ ಮಾಡ್ಕೋ."

ಪಾಪ, ಮಗ ಇನ್ನೂ ನನ್ನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ!

ಇದೇನು ಮಹಾ, ಮದುವೆಯ ದಿನ ಕೇಳಿ. ನಮ್ಮ ಕಡೆ ಮದುಮಗಳ ಹೆಸರು ಬದಲಿಸುವ ಪದ್ಧತಿ ಇದೆಯಲ್ಲ? ಅಕ್ಕಿ ಹರವಿದ ತಾಟಿನಲ್ಲಿ ಗಂಡ ಉಂಗುರದಿಂದ ಹೊಸ ಹೆಸರು ಬರೆಯಬೇಕು. ಅಲ್ಲಿಗೆ ಹುಟ್ಟಿದಾಗ ಇಟ್ಟ ಹೆಸರು ಮುಗಿಯಿತು. ನನಗೆ ಶೈಲಜಾ ಎಂದು ಹೆಸರಿಟ್ಟವರು ನಮ್ಮಪ್ಪ. ಆ ಹೆಸರಿನಲ್ಲೇ ಓದಿದ್ದೆ, ಆ ಹೆಸರಿನಲ್ಲೇ ಹೈದರಾಬಾದಿನ ಮಾದಾಪುರದಲ್ಲಿ ನೌಕರಿ ಗಿಟ್ಟಿಸಿದ್ದೆ. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಆದರೆ ತುಂಬಿದ ಮಂಟಪದಲ್ಲಿ ಮದುಮಗಳು ಬಾಯಿ ಬಿಡುವುದುಂಟೇ?

"ಲಕ್ಷ್ಮಿ ಅಂತ ಬರೀರಿ," ಎಂದರು ಆಚಾರ್ಯರು.

"ತಡೀರಿ!" ಅತ್ತೆ ಎದ್ದು ನಿಂತೇಬಿಟ್ಟರು. "ಮೊದಲ ಇಟ್ಟ ಹೆಸರೇನೈತಿ, ಅದ ಖರೆ. ಆಮ್ಯಾಲೆ ಇಟ್ಟದ್ದು ಲೆಕ್ಕಕ್ಕಿಲ್ಲ. ಗಿಡಕ್ಕ ಇರೋ ನಿಯಮ ಮನಿಶ್ಯಾರಿಗೆ ಬ್ಯಾಡೇನು?"

"ಬಾಯಾರ, ಇದು ಮದುವಿರಿ!"

"ಮತ್ತ ನಿಮ್ಮ ಲಕ್ಷ್ಮಿಯರು ಈ ಮಂಟಪದಾಗ ಎಷ್ಟ ಮಂದಿ ಅದಾರ, ಕೈ ಎತ್ತಿಸಿ ನೋಡ್ರಿ. ಒಂದ ಹೆಸರು ಎರಡು ಬ್ಯಾರೆ ಬ್ಯಾರೆ ಗಿಡಕ್ಕ ಇಡಂಗಿಲ್ಲ. ಅದೂ ನಿಯಮ!"

ಆಚಾರ್ಯರು ಮಂತ್ರ ಮರೆತರು. ಬೀಗರ ಪೈಕಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಗಂಡ ಗಡಿಬಿಡಿಯಲ್ಲಿ ಶೈಲಜಾ ಎಂದೇ ಬರೆದ. ನನ್ನ ಹೆಸರು ಉಳಿಯಿತು. ಸಂತೋಷ ಹೇಳತೀರದು, ಜೊತೆಗೊಂದು ಅನುಮಾನ. ಈಕೆ ಕಾಪಾಡಿದ್ದು ನನ್ನನ್ನೋ, ತನ್ನ ನಿಯಮವನ್ನೋ? ಸೊಸೆಯಾಗಿ ಬಂದೆನೋ, ಬೇರುಸಮೇತ ಕಿತ್ತು ತಂದ ಇನ್ನೊಂದು ಗಿಡವಾಗಿ ಬಂದೆನೋ?

ತಾರ್ನಾಕದ ಅತ್ತೆಮನೆಗೆ ಬಂದ ಮೇಲೆ ಆ ಅನುಮಾನ ಬಲಿಯಿತು. ಗಿಡದ ಟೊಂಗೆಗಳನ್ನು ಹಳೇ ಪೇಪರಿನ ನಡುವೆ ಇಟ್ಟು ಒಣಗಿಸುತ್ತಾರಂತೆ, ಮೇಲೆ ಭಾರ ಹೇರಬೇಕಂತೆ. ಅತ್ತೆಗೆ ಕಲ್ಲು, ಇಟ್ಟಿಗೆ ಯಾಕೆ ಬೇಕು? ಮನೆಗೆ ನೆಂಟರು ಬರುವುದಿಲ್ಲವೇ! ನಮ್ಮಪ್ಪ ಮೊದಲ ಸಲ ಬಂದು ದಿವಾನದ ಮೇಲೆ ಕೂತವರು ಹಾಗೇ ಚಂಗನೆ ಎದ್ದರು. ಗಾದಿಯ ಕೆಳಗಿನ ಮುಳ್ಳು ಪೇಪರು, ಹತ್ತಿ, ಧೋತರ ಎಲ್ಲ ದಾಟಿ ಬಂದಿತ್ತು.

"ಏಳಬ್ಯಾಡ್ರಿ, ಏಳಬ್ಯಾಡ್ರಿ," ಎಂದು ಓಡಿಬಂದರು ಅತ್ತೆ. "ಜರಾ ಬಲಕ್ಕ ಸರದು ಕೂಡ್ರಿ ಬೀಗರ, ಆ ಕಡೆ ಇನ್ನೂ ಒಣಗಿಲ್ಲ!"

ಅಪ್ಪ ಆಮೇಲೆ ಬಂದಾಗಲೆಲ್ಲ ಗೋಡೆಗೆ ಒರಗಿ ನಿಂತೇ ಚಹಾ ಕುಡಿದರು.

ಇನ್ನು ನನ್ನ ಆಫೀಸಿನ ಪ್ರಸಂಗ. ಆಗ ಮಾದಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನಮ್ಮ ಕಂಪನಿಯವರು ತೋಟದಲ್ಲಿ ನಾಲ್ಕು ಬಂಡೆ, ಒಂದು ಮುಳ್ಳುಕತ್ತರಿ ಉಳಿಸಿ, ಅದಕ್ಕೊಂದು ಅಂದದ ಬೋರ್ಡು ನೆಟ್ಟಿದ್ದರು. ಮನೆಯವರನ್ನು ಕರೆತರುವ ದಿನ ಎಂದು ಅತ್ತೆಯನ್ನೂ ಕರೆದೊಯ್ದೆ. ಗಂಡ ಊರಲ್ಲಿರಲಿಲ್ಲ, ನನಗೆ ಬುದ್ಧಿಯಿರಲಿಲ್ಲ. ನಮ್ಮ ದೊಡ್ಡ ಸಾಹೇಬರು ಭಾಷಣ ಮಾಡುತ್ತಿರುವಾಗ ಸೆಕ್ಯೂರಿಟಿಯವನು ಏದುಸಿರು ಬಿಡುತ್ತ ಬಂದ.

"ಮೇಡಂ, ಮೀ ಅತ್ತಗಾರು ಬೋರ್ಡು ಪೀಕೇಸ್ತುನ್ನಾರು!"

ನನ್ನ ಅತ್ತೆ ಬೋರ್ಡು ಕೀಳುತ್ತಿದ್ದಾರೆ! ಎದ್ದುಬಿದ್ದು ಓಡಿದೆ. ಅತ್ತೆ ಮಂಡಿಯೂರಿ ಕೂತು ತಲೆಯ ಪಿನ್ನಿನಿಂದ ಕಿತ್ತ ಬೋರ್ಡಿನ ಬಣ್ಣ ಕೆರೆಯುತ್ತಿದ್ದರು. ಅಲ್ಲಿ ಗಿಡದ ಶಾಸ್ತ್ರೀಯ ಹೆಸರು 'ಕಪ್ಪಾರಿಸ್ ಹಾರಿಡಾ' ಎಂದಿತ್ತು. ಲ್ಯಾಟಿನ್ನಿನಲ್ಲಿ ಹಾರಿಡಾ ಎಂದರೆ ಭಯಂಕರಿ ಅಂತೆ.

"ಇದಕ್ಕ ಮೊದಲ ಇಟ್ಟ ಹೆಸರು ಝೈಲಾನಿಕಾ. ಸಿಂಹಳದಾಕಿ ಅಂತ," ಎಂದರು. "ಆಮ್ಯಾಲೆ ಒಬ್ಬ ಬಂದ, ಬ್ಯಾರೆ ಗಿಡ ಅಂತ ತಿಳಕೊಂಡು ಭಯಂಕರಿ ಅಂದ. ಮಂದಿ ಅದನ್ನ ಹಿಡಕೊಂಡ್ರು. ಯಾರ ಹೆಸರು ಯಾರು ತಗೀತಾರ? ಅದಕ್ಕೇನ ಬಾಯಿ ಐತಿ, ಬ್ಯಾಡ ಅನ್ನಾಕ?"

ಕೊನೆಯ ಮಾತಿಗೆ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬೋರ್ಡು ಹಾಳಾದದ್ದಕ್ಕಿಂತ ನನಗೆ ಅದೇ ದೊಡ್ಡ ಆಘಾತ. ಒಂದು ಮುಳ್ಳುಗಂಟಿಯ ಹೆಸರಿಗಾಗಿ ಯಾರಾದರೂ ಕಣ್ಣೀರು ಹಾಕುತ್ತಾರೆಯೇ?

ಉತ್ತರ ಸಿಕ್ಕಿದ್ದು ಆಷಾಢದಲ್ಲಿ. ಏಕಾದಶಿಯ ಉಪವಾಸ ಬಿಡುವ ದ್ವಾದಶಿಗೆ ಅತ್ತೆಯ ತವರಿನಲ್ಲಿ ವಾಘಾಟಿ ಕಾಯಿಯ ಪಲ್ಯ ಆಗಲೇಬೇಕಂತೆ, ಕಹಿಯಾದರೂ ಸರಿ. ನಾನಾಗ ಆರು ತಿಂಗಳ ಬಸುರಿ. ಭಾಲ್ಕಿಯಿಂದ ಅವರ ಅಣ್ಣ ಕಾಯಿ ತುಂಬಿದ ಚೀಲ ಹೊತ್ತು ಬಂದರು. ನಮ್ಮ ಮದುವೆಗೂ ಬಂದಿರದೆ, ಎಷ್ಟೋ ವರ್ಷಗಳ ಮೇಲೆ ಬಂದ ಮುದುಕರು ಗೇಟಿನಲ್ಲೇ ನಿಂತು ಕೂಗಿದರು.

"ಚಂದ್ರಭಾಗಾ! ಏ ಚಂದ್ರಭಾಗಾ!"

ಆ ಹೆಸರಿನವರು ನಮ್ಮ ಮನೆಯಲ್ಲಿ ಯಾರೂ ಇಲ್ಲ, ಮನೆ ತಪ್ಪಿ ಬಂದಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಒಳಗಿಂದ ಅತ್ತೆ "ಓ ಅಣ್ಣಾ!" ಎನ್ನುತ್ತ ಓಡಿಬಂದರು. ಅವರು ಓಡಿದ್ದನ್ನು ನಾನು ಅದುವರೆಗೆ ಗಿಡಕ್ಕಾಗಿ ಮಾತ್ರ ಕಂಡಿದ್ದೆ.

ಅಣ್ಣನೇ ಹೇಳಿದರು. "ಇಕಿ ಹೆಸರು ಹಳೇ ಕಾಲದ್ದಾತು ಅಂತ ಮದುವ್ಯಾಗ ಅಕ್ಕಿ ಮ್ಯಾಲೆ ಬ್ಯಾರೆ ಹೆಸರು ಬರದ್ರವ್ವ. ಮೂರು ದಿನ ಯಾರು ಕರದ್ರೂ ಓ ಅನ್ನಲಿಲ್ಲ. ಆಮ್ಯಾಲೆ ರೂಢಿ ಆತು."

ಅತ್ತೆ ಏನೂ ಕೇಳಿಸದವರಂತೆ ಕಾಯಿ ಹೆಚ್ಚುತ್ತಿದ್ದರು. ಮಂಟಪದಲ್ಲಿ ಅವರು ಎದ್ದು ನಿಂತದ್ದು ಯಾವ ನಿಯಮಕ್ಕಾಗಿ ಎಂದು ನನಗೆ ಆ ದಿನ ತಿಳಿಯಿತು. ಪಲ್ಯ ವಿಪರೀತ ಕಹಿಯಿತ್ತು. ಎರಡು ಸಲ ಬಡಿಸಿಕೊಂಡು ತಿಂದೆ.

ಮಗಳು ಹುಟ್ಟಿದಳು. ಆಫೀಸಿನಲ್ಲಿ ಎಲ್ಲರೂ ಎರಡಕ್ಷರದ ಹೊಳೆಯುವ ಹೆಸರುಗಳನ್ನು ಹುಡುಕಿಕೊಟ್ಟರು. ನಾನು ನಾದಿನಿಯ ಕಿವಿಯಲ್ಲಿ ಮಾತ್ರ ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದೆ. ತೊಟ್ಟಿಲ ದಿನ ನಾದಿನಿ ಬಗ್ಗಿ ಮಗುವಿನ ಕಿವಿಯಲ್ಲಿ "ಕುರ್‍ರ್" ಎಂದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿ, "ಹೆಸರೇನ? ಹೆಸರೇನ?" ಎಂದು ಕೂಗಿದರು.

"ಚಂದ್ರಭಾಗಾ!"

ಆ ಮನೆಯಲ್ಲಿ ದಿನಾ ಬೆಚ್ಚಿಬೀಳುತ್ತಿದ್ದವಳು ನಾನು. ಅಂದು ಬೆಚ್ಚಿದವರು ಅತ್ತೆ. ಕೈಯಲ್ಲಿದ್ದ ಗುಗ್ಗರಿಯ ತಾಟು ಬಿತ್ತು. ತೊಟ್ಟಿಲ ಹಗ್ಗ ಹಿಡಿದುಕೊಂಡು ನಿಂತರು. ಆದರೂ ಮೇಷ್ಟರ ದನಿ ಅವರನ್ನು ಬಿಡಬೇಕಲ್ಲ!

"ಇಡಂಗಿಲ್ಲ," ಎಂದರು. "ಒಂದ ಹೆಸರು ಎರಡು ಗಿಡಕ್ಕ ಇಡಂಗಿಲ್ಲ. ನಿಯಮದಾಗ ಇಲ್ಲ."

"ಬ್ಯಾರೆ ಬ್ಯಾರೆ ಗಿಡಕ್ಕ ಇಡಂಗಿಲ್ರಿ ಅತ್ತಿ," ಎಂದೆ. "ಇದು ಅದ ಗಿಡ ಅಲ್ಲೇನ್ರಿ? ನೀವ ನೋಡಿ ಹೇಳ್ರಿ."

ಅತ್ತೆ ಗಿಡ ನೋಡಲೆಂದು ಸದಾ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗನ್ನಡಿ ತೆಗೆದು ತೊಟ್ಟಿಲಿಗೆ ಬಗ್ಗಿದರು. ಮೂಗು ನೋಡಿದರು, ಕಿವಿ ನೋಡಿದರು. ಕಣ್ಣೀರು ಗಾಜಿನ ಮೇಲೆ ಬಿದ್ದು ಏನೂ ಕಾಣದಾಯಿತು. ಗಾಜು ಬದಿಗಿಟ್ಟು, ಮಗುವಿನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹೌದು," ಎಂದರು. "ಅದ ಐತಿ."