ಥ್ರೋಬಾಲ್ ಪಂದ್ಯವೂ ಶೆಟ್ಟರ ಕಾರೂ

ಆಟದಲ್ಲಿ ಹೆಂಗಸರಿಗೆ ಬರುವ ರೋಷ ಆಟಕ್ಕೆ ತಕ್ಕ ಹಾಗೆ ಹೆಚ್ಚುಕಡಿಮೆ ಆಗುತ್ತದೆಂದು ನಾನು ಬಹಳ ದಿನ ನಂಬಿದ್ದೆ. ಕಬಡ್ಡಿಯಲ್ಲಿ ಜಾಸ್ತಿ, ಬ್ಯಾಡ್ಮಿಂಟನ್ನಿನಲ್ಲಿ ಮಧ್ಯಮ, ಕೇರಂನಲ್ಲಿ ಇಲ್ಲವೇ ಇಲ್ಲ ಎಂದು ನನ್ನ ಲೆಕ್ಕ. ಮದುವೆಯಾದ ಹೊಸತರಲ್ಲಿ ಹೆಂಡತಿ ವಿಮಲಾ ಜೊತೆ ಕೇರಂ ಆಡಲು ಕೂತೆ. ಕೆಂಪು ಕಾಯಿ ನನ್ನ ಪಾಲಾದ ಕೂಡಲೇ ಆಕೆ ನೋಡಿದ ನೋಟಕ್ಕೆ, ಮುಂದಿನ ಕಾಯಿಗಳನ್ನೆಲ್ಲ ನಾನು ಬೇಕೆಂದೇ ಗುರಿ ತಪ್ಪಿಸಿ ಹೊಡೆದೆ. ಅಂಥವಳು ಮಸ್ಕತ್ತಿಗೆ ಬಂದ ಮೇಲೆ ಥ್ರೋಬಾಲ್ ಹಿಡಿದಳು ಎಂದರೆ ನನ್ನ ಪಾಡು ನೀವೇ ಊಹಿಸಿಕೊಳ್ಳಿ.

ಇದು ಎಂಬತ್ತರ ದಶಕದ ಕೊನೆಯ ಮಾತು. ಅಲ್ ಗುಬ್ರಾದಲ್ಲಿ ನಮ್ಮ ಮನೆ, ರುಸೈಲ್‌ನ ಕಾರ್ಖಾನೆಯೊಂದರಲ್ಲಿ ನನ್ನ ಲೆಕ್ಕಪತ್ರದ ಕೆಲಸ. ಎರಡರ ನಡುವೆ ಇದ್ದದ್ದು ಶೆಟ್ಟರ ಕಾರು. ಉಡುಪಿ ಕಡೆಯ ಶೆಟ್ಟರು ನಮ್ಮ ಮೇಲಿನ ಮಹಡಿಯವರು, ಅದೇ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ನನಗೆ ಲೈಸೆನ್ಸ್ ಇರಲಿಲ್ಲ. ಡ್ರಮ್ಮುಗಳ ನಡುವೆ ಕಾರನ್ನು ಹಿಮ್ಮುಖವಾಗಿ ತೆಗೆಯುವ ಪರೀಕ್ಷೆಯಲ್ಲಿ ನಾನು ಪ್ರತಿ ಸಲವೂ ಡ್ರಮ್ಮನ್ನೇ ಹುಡುಕಿಕೊಂಡು ಹೋಗುತ್ತಿದ್ದೆ; ಪೊಲೀಸ್ ಅಧಿಕಾರಿ ‘ಖಲಾಸ್’ ಎಂದು ಇಳಿಸಿಬಿಡುತ್ತಿದ್ದ. ಹಾಗಾಗಿ ಶೆಟ್ಟರು ಮುನಿದರೆ ನನ್ನ ನೌಕರಿಗೇ ಸಂಚಕಾರ ಬರುತ್ತಿತ್ತು.

ಆ ಚಳಿಗಾಲ ನಮ್ಮ ಕನ್ನಡದವರೆಲ್ಲ ಸೇರಿ ಅಲ್ಲಿನ ವಾರದ ರಜೆಯಾದ ಒಂದು ಶುಕ್ರವಾರ ಹೆಂಗಸರ ಥ್ರೋಬಾಲ್ ಪಂದ್ಯ ಇಟ್ಟರು. ಘಟ್ಟದ ಮೇಲಿನವರದೊಂದು ತಂಡ, ಕೆಳಗಿನವರದೊಂದು. ಮೇಲಿನವರಿಗೆ ವಿಮಲಾ ಕ್ಯಾಪ್ಟನ್, ಕೆಳಗಿನವರಿಗೆ ಶೆಟ್ಟರ ಹೆಂಡತಿ ಸುಮತಿ. ಹಿಂದಿನ ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೋಡು, ಸುಮತಿಯವರ ಕಡೆಗೆ ಸ್ವಲ್ಪ ಮೆಲ್ಲಗೆ ಎಸಿ. ನಾಳಿದ್ದು ನಾನು ಕೆಲಸಕ್ಕೆ ಹೋಗ್ಬೇಕಲ್ಲ" ಎಂದೆ. ವಿಮಲಾ ಹುಳಿಗೆ ಒಗ್ಗರಣೆ ಹಾಕಿದಳು.

ಆದರೂ ಪಾಪ, ಗಂಡನ ಮಾತೆಂದು ಪಂದ್ಯದ ಶುರುವಿನಲ್ಲಿ ಮೆಲ್ಲಗೇ ಎಸೆದಳು. ಅಂಥ ನಾಲ್ಕಾರು ಚೆಂಡು ಹಿಡಿದ ಮೇಲೆ ಸುಮತಿ ಚೆಂಡನ್ನು ಸೊಂಟಕ್ಕಿಟ್ಟುಕೊಂಡು ನೆಟ್ಟಿನ ಹತ್ತಿರ ಬಂದರು.

"ಎಂತ ವಿಮಲಕ್ಕ, ಹುಷಾರಿಲ್ವಾ? ಇಲ್ಲ, ನಮಗೆ ಆಡ್ಲಿಕ್ಕೆ ಬರುದಿಲ್ಲ ಅಂತ ದಯೆಯಾ?"

"ದಯೆ ನಂದಲ್ಲ, ನಮ್ಮನೆಯವರದು. ನಿಮ್ಮ ಕಾರಲ್ಲಿ ಹೋಗ್ತಾರಲ್ಲ, ಅದಕ್ಕೆ ಮೆಲ್ಲಗೆ ಎಸಿ ಅಂದಿದ್ದಾರೆ," ಎಂದು ವಿಮಲಾ ಎಲ್ಲರಿಗೂ ಕೇಳುವಂತೆ ಹೇಳಿದಳು.

ಮೈದಾನಕ್ಕೆ ಮೈದಾನವೇ ನಕ್ಕಿತು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನೆಲ ನೋಡಿದೆ. ಸುಮತಿ ಮಾತ್ರ ನಗಲಿಲ್ಲ. "ಕಾರು ಅವರದ್ದು, ಆಟ ನಂದು. ಸರಿಯಾಗಿ ಎಸೀರಿ" ಎಂದವರೇ ಎಸೆದ ಚೆಂಡು ವಿಮಲಾಳ ಕಿವಿ ಸವರಿಕೊಂಡು ಹೋಯಿತು. ಆಮೇಲೆ ನಡೆದದ್ದನ್ನು ಆಟ ಎನ್ನಲು ನನಗೆ ಧೈರ್ಯವಿಲ್ಲ. ಮನೆಗೆ ಹೋದರೆ ‘ಇನ್ನೊಂದು ಸ್ವಲ್ಪ ಹಾಕ್ಲಾ’ ಎಂದು ಉಪಚರಿಸುವ ಹೆಂಗಸರೆಲ್ಲ ದುಪಟ್ಟಾ ಸೊಂಟಕ್ಕೆ ಬಿಗಿದು ಒಬ್ಬರ ಮುಖಕ್ಕೊಬ್ಬರು ಗುರಿಯಿಟ್ಟರು. ಕಡೆಯ ಅಂಕಕ್ಕೆ ವಿಮಲಾ ಎಸೆದ ಚೆಂಡು ಹಿಂದಿನ ಗೆರೆಯ ಬಳಿ, ಎಳೆದ ಸುಣ್ಣ ಕಾಲ್ತುಳಿತಕ್ಕೆ ಸಿಕ್ಕಿ ಅಳಿಸಿಹೋಗಿದ್ದ ಜಾಗದಲ್ಲಿ ಬಿತ್ತಂತೆ. ಅಂಪೈರು ಒಳಗೆ ಎಂದರು. ಘಟ್ಟದ ಮೇಲಿನವರು ಗೆದ್ದರು.

ಕಾರು ಕೈಬಿಟ್ಟಿತು ಎಂದುಕೊಂಡೆ. ಆದರೆ ಸುಮತಿ ನೆಟ್ಟಿನಡಿ ನುಸುಳಿ ಬಂದು ವಿಮಲಾಳನ್ನು ತಬ್ಬಿಕೊಂಡರು. ಊದಿದ ಬೆರಳು ತೋರಿಸಿ, ಶೆಟ್ಟರತ್ತ ಕಣ್ಣು ಹಾಯಿಸಿ, "ಎಂಥಾ ಎಸೆತ ಅಕ್ಕ, ನಾಳೆ ದೋಸೆ ಇವರೇ ಹೊಯ್ಯಬೇಕಷ್ಟೆ" ಎಂದು ನಕ್ಕರು. ಇಬ್ಬರೂ ನೆರಳಲ್ಲಿ ಕೂತು ಲಬನ್ ಎಂಬ ಅಲ್ಲಿನ ಮಜ್ಜಿಗೆ ಕುಡಿಯುತ್ತಾ ಮುಂದಿನ ಶುಕ್ರವಾರದ ಆಟದ ಮಾತಿಗೆ ತೊಡಗಿದರು. ನನಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಗೆದ್ದಳೆಂಬ ಖುಷಿಯೂ ಆಗಲೇ ನಿಧಾನವಾಗಿ ಏರಿದ್ದು.

ಶನಿವಾರ ಬೆಳಿಗ್ಗೆ ಶೆಟ್ಟರು ಎಂದಿನಂತೆ ಹಾರ್ನ್ ಹೊಡೆದರು. ಕಾರು ಹೆದ್ದಾರಿ ಹಿಡಿಯಿತು. ಆಮೇಲೆ ಅವರು, "ಆ ಕೊನೇ ಬಾಲ್ ಹೊರಗೆ ಬಿದ್ದದ್ದು ಮಾರಾಯ್ರೆ" ಎಂದರು.

ಇರಬಹುದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜೀವಮಾನದಲ್ಲಿ ಒಂದು ಚೆಂಡನ್ನೂ ನೆಟ್ಟಗೆ ಹಿಡಿಯದ, ಆ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡೇ ಕೂತಿದ್ದ ನಾನು, "ಒಳಗೇ ಬಿತ್ತು" ಎಂದೆ. ಅವರು ಒಂದು ಗೇಣು ಹೊರಗೆ ಎಂದರು, ನಾನು ಒಂದು ಗೇಣು ಒಳಗೆ ಎಂದೆ. ಶೆಟ್ಟರು ಸ್ಟೀರಿಂಗಿಗೆ ಗುದ್ದಿದರು, ನಾನು ಡ್ಯಾಶ್‌ಬೋರ್ಡಿಗೆ. "ಅಷ್ಟು ಗ್ಯಾರಂಟಿ ಇದ್ರೆ ಇಳಿದು ನಡ್ಕೊಂಡು ಬನ್ನಿ" ಎಂದು ಅವರು ರೌಂಡಬೌಟಿನ ಪಕ್ಕ ಕಾರು ನಿಲ್ಲಿಸಿದರು. ಬಾಯಿಮಾತಿಗೆ ಹೇಳಿದ್ದರು, ಪಾಪ. ನಾನು ನಿಜಕ್ಕೂ ಇಳಿದು ಬಾಗಿಲು ಬಡಿದೆ.

ಕೈಯಲ್ಲಿ ಊಟದ ಡಬ್ಬಿ, ಕುತ್ತಿಗೆಯಲ್ಲಿ ಟೈ. ಚಳಿಗಾಲವಾದರೂ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ಟ್ಯಾಕ್ಸಿಯ ಸುಳಿವಿರಲಿಲ್ಲ. ಸ್ವಲ್ಪ ಮುಂದೆ ಹೋಗಿ ನಿಂತ ಶೆಟ್ಟರ ಕಾರು ಮೆಲ್ಲಗೆ ನನ್ನತ್ತ ಹಿಂದಕ್ಕೆ ಬಂತು. ಗಾಜು ಇಳಿಸಿ, "ಹತ್ತಿ ಮಾರಾಯ್ರೆ, ಲೇಟಾಗ್ತದೆ" ಎಂದರು.

"ಮೊದಲು ಬಾಲ್ ಒಳಗೆ ಬಿತ್ತು ಅನ್ನಿ, ಆಮೇಲೆ ಹತ್ತುತ್ತೇನೆ" ಎಂದೆ.