ಬೋರಕ್ಕನ ಅಟ್ಟಕ್ಕೆ ಬೂಟು ಹಾಕಿಕೊಂಡು ಹತ್ತುವವರ ಬಗ್ಗೆ

ಸಂಖ್ಯೆ: ಅಟ್ಟ/ಏಣಿ/ಬೂಟು/೧೭/೨೦೦೮-೦೯
ಸ್ಥಳ: ತಿಪಟೂರು

(ಇಲಾಖೆಯ ಹೆಸರು ಮೊಹರಿನಲ್ಲಿ ಸವೆದುಹೋಗಿದೆ. ಹೊಸ ಮೊಹರು ಬೇಕೆಂದು ಪತ್ರ ಬರೆಯಲಾಗಿತ್ತು. ಸದರಿ ಪತ್ರಕ್ಕೆ ಮೊಹರು ಇಲ್ಲವೆಂದು ಅದು ವಾಪಸು ಬಂದಿರುತ್ತದೆ.)

ವಿಷಯ: ಅಂತರ್ಜಾಲದ ಕಟ್ಟುವ ಆಟವೊಂದರಲ್ಲಿ ಆಟಗಾರರೇ ಕಟ್ಟಿ ಹಂಚಿಕೊಳ್ಳುವ ಲೆವೆಲ್ಲುಗಳ ಪೈಕಿ, ಒಂದು ಕೊಬ್ಬರಿ ಅಟ್ಟಕ್ಕೆ ಹೊರದೇಶದವರು ಪಾದರಕ್ಷೆ ಸಮೇತ ಹತ್ತುತ್ತಿರುವ ಕುರಿತು.

ಉಲ್ಲೇಖ:
೧. ಕೆಂಕೆರೆ ಕಡೆಯ ಹಟ್ಟಿಯ ಬೋರಕ್ಕನವರ ಮೌಖಿಕ ದೂರು. ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿದ್ದು.
೨. ಅವರ ಮೊಮ್ಮಗಳು ದಿವ್ಯ ಒತ್ತಿದ ಒಂದು ಗುಂಡಿ.
೩. ತಯಾರಕಿಯ ಮೌನ.

ಪೀಠಿಕೆ:

ತಿಪಟೂರಿನ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಗುಲಾಮ್ ರಸೂಲ್ ಎಂಬುವರ ಸೈಬರ್ ಸೆಂಟರ್ ಇರುತ್ತದೆ. ಕೌಂಟರಿನಲ್ಲಿ ಅವರ ತಂಗಿಯ ಮಗಳು ಕೂರುತ್ತಾಳೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮಾತು ಕಮ್ಮಿ. ಗಿರಾಕಿ ಏನು ಕೇಳಿದರೂ ತಲೆಯಾಡಿಸುತ್ತಾಳೆ. ತೀರಾ ಬಲವಂತ ಮಾಡಿದರೆ ಖಾಲಿ ಸಿಸ್ಟಂ ಕಡೆ ಕೈ ತೋರಿಸುತ್ತಾಳೆ. ಆದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಲ್ಲಿ ಯಾವುದು ಯಾರದು, ಯಾರು ಯಾವ ಪತ್ರ ಓದುವಾಗ ತಮ್ಮಷ್ಟಕ್ಕೆ ನಗುತ್ತಾರೆ ಎಂಬುದೆಲ್ಲ ಆಕೆಗೆ ಗೊತ್ತಿರುತ್ತದೆ. ನಾಚಿಕೆ ಸ್ವಭಾವದವಳಾದ್ದರಿಂದ ಈ ಸುತ್ತೋಲೆಯಲ್ಲಿ ಆಕೆಯ ಹೆಸರು ಬರೆಯದೆ 'ಸದರಿ ತಯಾರಕಿ' ಎಂದಷ್ಟೇ ಕರೆಯಲಾಗಿದೆ. ಹೆಸರು ಹೇಳುವ ಅಧಿಕಾರವನ್ನು ಆಕೆಗೇ ಕಾಯ್ದಿರಿಸಲಾಗಿದೆ.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಆಕೆ ಒಂದು ಆಟ ಆಡುತ್ತಿದ್ದಳು. ಬಣ್ಣದ ಚೌಕಗಳನ್ನು ಜೋಡಿಸಿ ಮನೆ, ಬೆಟ್ಟ, ಸುರಂಗ ಏನು ಬೇಕಾದರೂ ಕಟ್ಟಬಹುದು. ಕಟ್ಟಿದ್ದನ್ನು ಒಂದು ಲೆವೆಲ್ ಮಾಡಿ ಹಂಚಿದರೆ ಯಾವ ದೇಶದವರಾದರೂ ಅದರೊಳಗೆ ಬಂದು ಆಡಬಹುದು. ಪಕ್ಕದ ಮಳಿಗೆಯಲ್ಲಿ ತಾಯಿ ಶಾಹಿದಾ ಬೇಗಂ ರವಿಕೆ ಹೊಲಿಯುತ್ತಾರೆ. ದಿಂಬಿನ ಕವರಿನ ಮೇಲೆ ಚೌಕ ಎಣಿಸಿ ನವಿಲು, ಗುಲಾಬಿ ಹೊಲಿದು ಬೆಳೆದ ಹುಡುಗಿಗೆ ಪರದೆಯ ಚೌಕಗಳು ಹೊಸವೆನಿಸಲಿಲ್ಲ. ಅಲ್ಲಿ ಎಲ್ಲರೂ ಕೋಟೆ ಕಟ್ಟುತ್ತಿದ್ದರು. ಈಕೆ ಅಟ್ಟ ಕಟ್ಟಿದಳು.

ಅಟ್ಟ ಈಕೆಗೆ ಎಲ್ಲಿಂದ ಬಂತೆಂದು ಇಲಾಖೆಯು ವಿಚಾರಿಸಿದೆ. ಹಿಂದೆ ಇವರ ಕುಟುಂಬ ಹುಳಿಯಾರಿನಲ್ಲಿದ್ದಾಗ, ತಾಯಿ ಹೊಲಿದ ರವಿಕೆ ಕೊಡಲು ಹತ್ತಿರದ ಕೆಂಕೆರೆ ಕಡೆಯ ಹಟ್ಟಿಗೆ ಹೋದ ಈ ಹುಡುಗಿಯನ್ನು ಬೋರಕ್ಕನವರು ತಮ್ಮ ಮನೆಯ ಅಟ್ಟ ಹತ್ತಿಸಿದ್ದರು. ಬಿದಿರ ದಬ್ಬೆಯ ಮೇಲೆ ಗುಡ್ಡೆ ಗುಡ್ಡೆ ತೆಂಗಿನಕಾಯಿ, ಕೆಳಗೆ ಒಲೆಯ ಹೊಗೆ. ವರ್ಷದ ಹತ್ತಿರ ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಡುತ್ತದೆ. ಬೋರಕ್ಕನವರು ಒಂದು ಕಾಯಿ ಎತ್ತಿ ಹುಡುಗಿಯ ಕಿವಿಯ ಪಕ್ಕ ಅಲ್ಲಾಡಿಸಿದರು. ಒಳಗೆ ಗುಡುಗುಡು ಅಂತು. "ಒಣಗೈತೆ, ಕೇಳಿಸ್ತಾ? ನೀನಿನ್ನೂ ಹಸಿಕಾಯಿ ಕಣೇ, ಅದ್ಕೇ ಸದ್ದೇ ಇಲ್ಲ" ಎಂದು ನಕ್ಕಿದ್ದರು. ಹುಡುಗಿ ಅಂದು ಒಂದು ಮಾತೂ ಆಡದೆ ಏಣಿ ಇಳಿದಿರುತ್ತಾಳೆ.

ಲೆವೆಲ್ಲಿನ ಆಟವೂ ಅಷ್ಟೇ. ಏಣಿ ಹತ್ತಬೇಕು, ಕಾಯಿಗಳ ಮಧ್ಯೆ ಮೆಲ್ಲಗೆ ನಡೆಯಬೇಕು, ಒಂದೊಂದನ್ನೇ ಅಲ್ಲಾಡಿಸಿ ಗುಡುಗುಡು ಅನ್ನುವುದನ್ನು ಹುಡುಕಿ ಕೆಳಗಿಳಿಸಬೇಕು. ಕಟ್ಟಿದವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಆಕೆ ಅದನ್ನು ಹಂಚಿದಳು.

ಹೋದ ಬುಧವಾರ, ಕೊಬ್ಬರಿ ಹರಾಜಿನ ದಿನ, ಬೋರಕ್ಕನವರು ಮೊಮ್ಮಗಳು ದಿವ್ಯಳ ಜೊತೆ ಸೈಬರ್ ಸೆಂಟರಿಗೆ ಬಂದಿರುತ್ತಾರೆ. ದಿವ್ಯ ಕಾಲೇಜಿನ ಅರ್ಜಿ ತುಂಬಿ ಮುಗಿಸಿ, ಆಟದಲ್ಲಿ ತಾನು ಕಂಡ ಅಟ್ಟವನ್ನು ಅಜ್ಜಿಗೆ ತೋರಿಸಿದಳು. ಆಗ ಸರಿಯಾಗಿ ಪರದೆಯ ಮೇಲೆ ಯಾವುದೋ ದೇಶದ ಆಟಗಾರನೊಬ್ಬ ಕೆಂಪು ಬೂಟು ಧರಿಸಿ ಕಾಯಿಯಿಂದ ಕಾಯಿಗೆ ಕುಪ್ಪಳಿಸುತ್ತಿದ್ದನು. ತದನಂತರದ ಮಾತುಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

ಬೋರಕ್ಕ: "ಯಾವನ್ಲಾ ಅವ್ನು, ಬೂಟು ಹಾಕ್ಕಂಡು ನಮ್ಮಟ್ಟ ಹತ್ತಿರೋನು!"

ಗುಲಾಮ್ ರಸೂಲ್: "ಅದು ಕಂಪ್ಯೂಟರ್ ಕಣಮ್ಮ. ನಿಮ್ಮಟ್ಟ ಹೆಂಗಾಯ್ತದೆ?"

ಬೋರಕ್ಕ: "ಮೂರ್ನೇ ಮೆಟ್ಲು ನೋಡಿ ಸಾಬ್ರೇ, ಸೈಕಲ್ ಟ್ಯೂಬು ಸುತ್ತೈತಲ್ಲ, ಸುತ್ತಿದೋಳು ನಾನು. ಹೋದ್ವರ್ಷ ಮನೆಗೆ ಮೋಲ್ಡು ಹಾಕ್ಸುವಾಗ ನನ್ಮಗ ಅಟ್ಟನ ಕಿತ್ತಾಕ್ದ. ಇಲ್ಲಿಗೆ ಯಾರು ತಂದಿಕ್ಕಿದ್ರು?"

ಸದರಿ ತಯಾರಕಿಯು ಆ ಸಮಯದಲ್ಲಿ ಕೌಂಟರಿನ ಕೆಳಗೆ ಬಗ್ಗಿ, ಬೀಳದೇ ಇದ್ದ ಪೆನ್ನನ್ನು ಹುಡುಕುತ್ತಿದ್ದಳು.

"ಇರಜ್ಜಿ, ಬೂಟು ಬಿಚ್ಚಿಸಾಕೆ ಒಂದು ಕಂಪ್ಲೇಂಟ್ ಒಗೆಯಾನ" ಎಂದು ದಿವ್ಯ ದೂರಿನ ಗುಂಡಿ ಒತ್ತಿದಳು. ಆಟದ ಮಾಲೀಕರಿಂದ ತಯಾರಕಿಗೆ ಇಂಗ್ಲಿಷಿನಲ್ಲಿ ಉತ್ತರ ಬಂತು: ನಿಮ್ಮ ಲೆವೆಲ್ ಮೇಲೆ ದೂರಿದೆ, ಶನಿವಾರ ಸಂಜೆಯೊಳಗೆ ನಿಮ್ಮ ಹೆಸರು ತಿಳಿಸಿ ವಿವರಣೆ ಕೊಡಿ, ತಪ್ಪಿದರೆ ಅಳಿಸಲಾಗುವುದು. ಆಕೆ ಅದನ್ನು ನಿಧಾನವಾಗಿ, ತುಟಿಯಲ್ಲೇ ಓದಿಕೊಂಡಳು. ಉತ್ತರ ಬರೆಯಲಿಲ್ಲ. ಬರೆದರೆ ಹೆಸರು ಹೊರಬರುತ್ತದೆ. ಹೆಸರು ಬಂದರೆ ಬೋರಕ್ಕನ ಆ ದನಿ ತನ್ನ ಕಡೆಗೆ ತಿರುಗುತ್ತದೆ. ಕೇಳದೆ ಒಬ್ಬರ ಅಟ್ಟವನ್ನು ಎತ್ತಿಕೊಂಡು ಬಂದದ್ದಕ್ಕೆ ಏನು ಸಮಜಾಯಿಷಿ ಕೊಡುವುದು ಎಂಬುದು ಆಕೆಯ ಚಿಂತೆ. ಬರೆಯದಿದ್ದರೆ ಅಟ್ಟ ಹೋಗುತ್ತದೆ, ಅದೂ ಎರಡನೇ ಸಲ.

ಮೇಲ್ಕಂಡ ಸಂಗತಿಗಳನ್ನು ಇಲಾಖೆಯು ಫ್ಯಾನಿನ ಕೆಳಗೆ ಕುಳಿತು ಪರಿಶೀಲಿಸಿ, ಎಲ್ಲ ದೇಶಗಳ ಆಟಗಾರರಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ಅಟ್ಟ ಹತ್ತುವವರು ಏಣಿಯ ಬುಡದಲ್ಲಿ ಪಾದರಕ್ಷೆ ಬಿಡತಕ್ಕದ್ದು. ಕಾಲಿನ ಬದಲು ಚಕ್ರ ಇರುವ ಆಟಗಾರರು ಚಕ್ರ ತೊಳೆದುಕೊಳ್ಳತಕ್ಕದ್ದು. ಬಾಲ ಮಾತ್ರ ಇರುವವರು ಬಾಲವನ್ನು ಎತ್ತಿ ಹಿಡಿಯುವುದು. ಹಾರಿ ಬರುವವರಿಗೆ ವಿನಾಯಿತಿ ಇದೆ, ಆದರೆ ಅವರು ಇಳಿಯುವಂತಿಲ್ಲ.

೨. ಕಾಯಿಗಳ ಮೇಲೆ ಕುಪ್ಪಳಿಸುವುದನ್ನು ನಿಷೇಧಿಸಲಾಗಿದೆ. ಕುಪ್ಪಳಿಸಿದ ಕಾಯಿಯನ್ನು ಹಸಿಕಾಯಿ ಎಂದು ಪರಿಗಣಿಸಿ ಮೊದಲಿನಿಂದ ಒಣಗಿಸಲಾಗುವುದು. ಅಲ್ಲಿಯವರೆಗೆ ಸದರಿ ಆಟಗಾರರು ಏಣಿಯ ಪಕ್ಕ ಕಾಯುವುದು. ಕೂರಲು ಚಾಪೆ ಒದಗಿಸಲಾಗುವುದು. ಚಾಪೆ ಇನ್ನೂ ಮಂಜೂರಾಗಿಲ್ಲ.

೩. ಕಾಯಿಯನ್ನು ಕಿವಿಯ ಪಕ್ಕದಲ್ಲೇ ಅಲ್ಲಾಡಿಸತಕ್ಕದ್ದು. ನೀರಿನ ಸದ್ದು ಬಂದರೆ ಇದ್ದಲ್ಲೇ ಇಡುವುದು. ಕಿವಿ ಇಲ್ಲದ ಆಟಗಾರರು ಪಕ್ಕದವರ ಕಿವಿಯನ್ನು ಕೇಳಿ ಪಡೆಯಬಹುದು. ಸೈಬರ್ ಸೆಂಟರಿನ ಮೂಲೆಯ ಸಿಸ್ಟಂನ ಸ್ಪೀಕರು ದೀಪಾವಳಿಯಿಂದ ಕೆಟ್ಟಿರುವುದರಿಂದ, ಅಲ್ಲಿ ಕೂತವರ ಪರವಾಗಿ ಪಕ್ಕದ ಸಿಸ್ಟಂನವರು ಬಾಯಲ್ಲೇ "ಗುಡುಗುಡು" ಎನ್ನತಕ್ಕದ್ದು. ಈ ಕಂಡಿಕೆಗೆ ಗುಲಾಮ್ ರಸೂಲ್ ಅವರು "ನಂದು ಸೈಬರ್ ಸೆಂಟ್ರು ಕಣ್ರೀ, ಕೊಬ್ಬರಿ ಮಂಡಿ ಅಲ್ಲ" ಎಂದು ಆಕ್ಷೇಪಿಸಿದ್ದು, ಆಕ್ಷೇಪಣೆಯನ್ನು ಅಟ್ಟದ ಮೇಲೆ ಒಣಗಲು ಹಾಕಲಾಗಿದೆ.

೪. ಚಿತ್ರಕಲೆ. ಲೆವೆಲ್ಲಿನ ತೊಲೆಯ ಮೇಲೆ ತಯಾರಕಿ ಬಿಡಿಸಿದ ಹೊಗೆಮಸಿಯನ್ನು ಬುಧವಾರವೇ ಬೋರಕ್ಕನವರಿಗೆ ತೋರಿಸಲಾಯಿತು. "ಮಸಿ ಸಾಲ್ದು, ನಮ್ಮದು ಮುಟ್ಟಿದ್ರೆ ಮೊಳಕೈವರ್ಗೂ ಹತ್ತೋದು" ಎಂಬುದು ಅವರ ತಾಂತ್ರಿಕ ಅಭಿಪ್ರಾಯ. ಇಲಿ ಇಲ್ಲದಿರುವುದನ್ನೂ ಅವರು ಗಮನಕ್ಕೆ ತಂದಿದ್ದಾರೆ. ಆದ್ದರಿಂದ ಒಂದು ಇಲಿಯ ಹುದ್ದೆಯನ್ನು ಸೃಜಿಸಲಾಗಿದೆ.

೫. ಲೆವೆಲ್ಲನ್ನು ನಕಲು ಮಾಡಿ ತಮ್ಮದರಲ್ಲಿ ಸೇರಿಸಿಕೊಳ್ಳುವವರು ಮೂರನೇ ಮೆಟ್ಟಿಲನ್ನು ರಿಪೇರಿ ಮಾಡತಕ್ಕದ್ದಲ್ಲ. ಯಾರೋ ಒಬ್ಬರು ಟ್ಯೂಬು ಬಿಚ್ಚಿ ಬೆಳ್ಳಿಯ ಮೆಟ್ಟಿಲು ಹಾಕಿ, ಅಟ್ಟಕ್ಕೆ ಗುಲಾಬಿ ಬಣ್ಣ ಬಳಿದು ಹಂಚಿರುವುದು ಕಂಡುಬಂದಿದೆ. ಇದನ್ನು ನೋಡಿ ಸದರಿ ತಯಾರಕಿ ಅರ್ಧ ದಿನ ಊಟ ಬಿಟ್ಟಿದ್ದು, ಕಾರಣ ಕೇಳಿದ ತಾಯಿಗೆ "ಹೊಟ್ಟೆನೋವು" ಎಂದು ಸನ್ನೆಯಲ್ಲಿ ತಿಳಿಸಿರುತ್ತಾಳೆ.

೬. ಕರೆಂಟು ಹೋದಾಗ ಅಟ್ಟದ ಮೇಲಿರುವವರು ಇದ್ದಲ್ಲೇ ತೊಲೆ ಹಿಡಿದು ನಿಲ್ಲುವುದು. ಕೆಳಗೆ ಒಲೆ ಇದೆ ಎಂಬುದನ್ನು ನೆನಪಿನಲ್ಲಿಡುವುದು. ಕರೆಂಟು ಬಂದ ಮೇಲೆ ಎಲ್ಲರೂ ಇದ್ದಾರೆಯೇ ಎಂದು ಇಲಿಯು ವರದಿ ಸಲ್ಲಿಸತಕ್ಕದ್ದು.

೭. ಲೆವೆಲ್ ಮೆಚ್ಚಿದವರು ನಕ್ಷತ್ರ ಕೊಡಬಹುದು. ನಕ್ಷತ್ರಗಳನ್ನು ತಯಾರಕಿ ಯಾರೂ ನೋಡದಾಗ ನೋಡಿಕೊಳ್ಳುತ್ತಾಳೆ. ಆ ವೇಳೆಯಲ್ಲಿ ಗಿರಾಕಿಗಳು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಸಹಕರಿಸಬೇಕು.

೮. ಅಟ್ಟವನ್ನು ಅಳಿಸುವ ವಿಚಾರದಲ್ಲಿ ಇಲಾಖೆಗೆ ಯಾವ ಅಧಿಕಾರವೂ ಇರುವುದಿಲ್ಲ. ಇದನ್ನು ಹೇಳಲು ಇಲಾಖೆಗೆ ಸಂಕೋಚವಾಗುತ್ತದೆ. ಉಳಿಸುವ ಅಧಿಕಾರ ಒಬ್ಬಳಿಗೇ ಇದ್ದು, ಆಕೆ ಪೆನ್ನು ಹುಡುಕುತ್ತಿದ್ದಾಳೆ.

ಸೇರ್ಪಡೆ:

ಈ ಸುತ್ತೋಲೆ ಸಹಿಗಾಗಿ ಮೇಜಿನಿಂದ ಮೇಜಿಗೆ ಹೋಗುತ್ತಿರುವಾಗಲೇ ಶನಿವಾರ ಬಂದುಬಿಟ್ಟಿತು. ಅಂದೂ ಹರಾಜಿನ ದಿನವಾದ್ದರಿಂದ ಬೋರಕ್ಕನವರು ಕೊಬ್ಬರಿ ಹಾಕಿ, ಬೂಟು ಬಿಚ್ಚಿಸಿದರೋ ಇಲ್ಲವೋ ನೋಡಲು ನೇರ ಸೈಬರ್ ಸೆಂಟರಿಗೆ ಬಂದರು. ದಿವ್ಯ ತನ್ನ ದೂರಿಗೆ ಬಂದಿದ್ದ ಉತ್ತರವನ್ನು ಪರದೆಯ ಮೇಲೆ ಓದಿ ಪೆಚ್ಚಾದಳು.

"ಅಜ್ಜಿ, ಕಟ್ಟಿದೋರು ಹೆಸ್ರು ಹೇಳ್ದಿದ್ರೆ ಸಂಜೆಗೆ ಅಟ್ಟನೇ ತೆಗೆದಾಕ್ತಾರಂತೆ. ನಮ್ ಕಂಪ್ಲೇಂಟಿಂದ."

"ಅಯ್ಯೋ ಇವ್ರ ಮನೆ ಕಾಯ್ವಾಗ! ನಾನು ಬೂಟು ಬಿಚ್ಚಿಸ್ರಪ್ಪ ಅಂದ್ರೆ ಅಟ್ಟನೇ ಬಿಚ್ತಾರಾ? ಮನೇಲಿ ಕಿತ್ತಾಗ ನಾನೊಬ್ಳೇ ಬ್ಯಾಡ ಅಂದೆ, ಯಾರೂ ಕೇಳ್ಲಿಲ್ಲ. ಕಟ್ಟಿದೋರು ಯಾರು? ಬಾಯಿಲ್ವಾ ಅವ್ರಿಗೆ?"

ಬೈಗುಳ ಬರುತ್ತದೆಂದು ಬುಧವಾರದಿಂದ ಹೆದರಿ ಕೂತಿದ್ದ ತಯಾರಕಿಗೆ, ಅದು ಬಂದದ್ದು ಅಟ್ಟ ತಂದದ್ದಕ್ಕಲ್ಲ, ಬಿಟ್ಟುಕೊಡುತ್ತಿರುವುದಕ್ಕೆ ಎಂಬುದು ಅರ್ಥವಾಯಿತು. ಆಕೆ ಎದ್ದು ನಿಂತಳು. ಈ ಬಾರಿ ಯಾವ ಪೆನ್ನನ್ನೂ ಹುಡುಕಲಿಲ್ಲ.

"ನಾನೇ ಅಜ್ಜಿ, ಕಟ್ಟಿದ್ದು. ನಿಮ್ಮನ್ನ ಕೇಳ್ಲಿಲ್ಲ. ಅಳಿಸೋದು ಬೇಡ ಅಂತ ಈಗ್ಲೇ ಬರೀತೀನಿ."

ಗುಲಾಮ್ ರಸೂಲ್ ಅವರು ತಂಗಿಯ ಮಗಳ ದನಿಯನ್ನು ಹೊಸಬರದೆಂದು ತಿಳಿದು ಬಾಗಿಲ ಕಡೆ ನೋಡಿರುತ್ತಾರೆ. ಬೋರಕ್ಕನವರು ಕಣ್ಣು ಕಿರಿದು ಮಾಡಿಕೊಂಡು ಆಕೆಯನ್ನೇ ನೋಡಿದರು.

"ಹುಳಿಯಾರಿನ ಶಾಹಿದಮ್ಮನ ಮಗಳಲ್ವೇನೇ ನೀನು? ಅವತ್ತು ಅಟ್ಟದ ಮ್ಯಾಲೆ ತುಟಿ ಬಿಚ್ಚಿರ್ಲಿಲ್ಲ." ಆಮೇಲೆ ಕೌಂಟರಿನ ಮೇಲಿಂದ ಕೈ ಚಾಚಿ, ಆಕೆಯ ಗಲ್ಲ ಹಿಡಿದು, ಕಾಯಿ ಅಲ್ಲಾಡಿಸುವ ಹಾಗೆ ಮೆಲ್ಲಗೆ ಅಲ್ಲಾಡಿಸಿದರು. "ಅಂತೂ ಗುಡುಗುಡು ಅಂದ್ಯಲ್ಲೇ."

ಉತ್ತರವನ್ನು ತಯಾರಕಿ ಹೇಳಿದಳು, ದಿವ್ಯ ಇಂಗ್ಲಿಷಿನಲ್ಲಿ ಬರೆದಳು. ಕರೆಂಟು ಹೋಗುವುದರೊಳಗೆ ಕಳಿಸಲಾಯಿತು. ಅಟ್ಟ ಉಳಿದಿದೆ. ಏಣಿಯ ಬುಡದಲ್ಲಿ ಈಗ ಒಂದು ಚಪ್ಪಡಿ ಕಲ್ಲು ಇದ್ದು, ಅದರ ಮೇಲೆ ಪಾದರಕ್ಷೆ ಬಿಡುವವರೆಗೂ ಏಣಿ ಕಾಣಿಸುವುದಿಲ್ಲ. ಮಸಿ ಹೆಚ್ಚಿಸಲಾಗಿದೆ. ಇಲಿ ಕರ್ತವ್ಯಕ್ಕೆ ಹಾಜರಾಗಿದೆ. ಖಾಲಿ ಇದ್ದ ಜಾಗದಲ್ಲಿ ಹೆಸರು ತುಂಬಲಾಗಿದೆ. ಇದರೊಂದಿಗೆ ಇಲಾಖೆಯ ಕೆಲಸ ಮುಗಿದಿದ್ದು, ಮೇಲಿನ ಎಂಟು ಕಂಡಿಕೆಗಳನ್ನು ಬರೆದ ಶ್ರಮಕ್ಕಾಗಿಯಾದರೂ ಎಲ್ಲರೂ ಪಾಲಿಸತಕ್ಕದ್ದು.

ಸಹಿ/-
ಪ್ರಭಾರ ಅಧೀಕ್ಷಕರು,
ಅಟ್ಟ, ಏಣಿ ಮತ್ತು ಮಸಿ ವಿಭಾಗ
(ಮೊಹರು ಬಂದ ಮೇಲೆ ಒತ್ತಲಾಗುವುದು)

ಪ್ರತಿಗಳು:
೧. ಬೋರಕ್ಕನವರಿಗೆ, ಕೆಂಕೆರೆ ಕಡೆಯ ಹಟ್ಟಿ. ದಿವ್ಯ ಗಟ್ಟಿಯಾಗಿ ಓದಿ ಹೇಳುವುದು.
೨. ಬೋರಕ್ಕನವರ ಮಗನಿಗೆ. ಅಟ್ಟ ಎಲ್ಲಿದೆ ಎಂಬ ಮಾಹಿತಿಗಾಗಿ ಮಾತ್ರ, ಇದನ್ನೂ ಕೀಳುವಂತಿಲ್ಲ.
೩. ಗುಲಾಮ್ ರಸೂಲ್ ಅವರಿಗೆ, ಸ್ಪೀಕರ್ ರಿಪೇರಿಗೆ.
೪. ಕೆಂಪು ಬೂಟಿನ ಆಟಗಾರನಿಗೆ, ದೇಶ ತಿಳಿದುಬಂದಿಲ್ಲ. ಬೂಟುಗಳು ಕಲ್ಲಿನ ಮೇಲೆಯೇ ಉಳಿದಿದ್ದು, ಖುದ್ದಾಗಿ ಬಂದು ಪಡೆದುಕೊಳ್ಳುವುದು.
೫. ಇಲಿಗೆ.
೬. ಅಟ್ಟದ ತಯಾರಕಿ ಕುಮಾರಿ ನಿಖತ್ ಅವರಿಗೆ. ಹೆಸರನ್ನು ಅವರೇ ಹೇಳಿರುವುದರಿಂದ ಇಲ್ಲಿ ಪೂರ್ತಿ ಬರೆಯಲಾಗಿದೆ.