ಚನಬಸಪ್ಪನ ಆನೆ ತುಳಿದದ್ದು ಯಾರನ್ನ?

ಹೂಡಿಯ ಅಪಾರ್ಟ್‌ಮೆಂಟೊಂದರಲ್ಲಿದ್ದ ಚನಬಸಪ್ಪನಿಗೆ ಹೆಂಡತಿಯನ್ನು ಒಮ್ಮೆಯಾದರೂ ಸೋಲಿಸಬೇಕೆಂಬ ಘನಘೋರ ಆಸೆ. ಮಹಾನಂದಾ ಕಂಪನಿಯೊಂದರಲ್ಲಿ ಕರಾರುಪತ್ರ ತಿದ್ದುವ ವಕೀಲೆ. ಮನೆಯ ವ್ಯಾಜ್ಯಗಳಲ್ಲೂ ತೀರ್ಪು ಸದಾ ಅವಳ ಕಡೆಗೇ. (ನ್ಯಾಯಾಧೀಶೆಯೂ ಅವಳೇ ಅನ್ನೋದು ಬೇರೆ ಮಾತು.)

ಕೊನೆಗೆ ಅವನೇ ಒಂದು ಯುದ್ಧದ ಕಾರ್ಡಾಟ ಹುಟ್ಟುಹಾಕಿದ. ರಟ್ಟು ಕತ್ತರಿಸಿ ರಾಜ, ಸೈನಿಕ, ಕೋಟೆ, ಆನೆಗಳ ಚಿತ್ರ ಬಿಡಿಸಿ, ಕೆಳಗೆ ಯಾರ ಪ್ರತಾಪ ಏನೆಂದು ಬರೆದ. ಕಾವಲಿಗೆ ಸೈನಿಕನಿಲ್ಲದ ರಾಜ ಸೋತಂತೆ. ಪಣವೂ ಸಣ್ಣದಲ್ಲ: ಅವನು ಗೆದ್ದರೆ ಭಾನುವಾರ ಆಫೀಸಿನ ಕ್ರಿಕೆಟ್ ಫೈನಲ್; ಅವಳು ಗೆದ್ದರೆ ಹೆಬ್ಬಗೋಡಿಯಲ್ಲಿರುವ ಅವಳ ಚಿಕ್ಕಮ್ಮನ ಮನೆ.

ಆಟ ರಂಗೇರಿತು. ಮಹಾನಂದಾ ಅಳಿದುಳಿದ ಸೈನಿಕರನ್ನೆಲ್ಲ ಕೋಟೆಯೊಳಗೆ ತುಂಬಿ ಕೂತಳು. ಕೋಟೆಯೊಳಗಿದ್ದವರನ್ನು ಯಾರೂ ಮುಟ್ಟುವಂತಿಲ್ಲ. ಚನಬಸಪ್ಪನ ರಾಜನ ಪಕ್ಕ ಒಬ್ಬನೇ ಸೈನಿಕ ಉಳಿದಿದ್ದ. ಆದರೇನು, ಕೈಯಲ್ಲಿ ಆನೆ ಇತ್ತಲ್ಲ! ಕೋಟೆ ಒಡೆಯುವ ಹುಮ್ಮಸ್ಸಿನಲ್ಲಿ ಅದನ್ನು ಟೇಬಲ್ಲಿಗೆ ಬಡಿದ.

"ಮುಗೀತ ನೋಡ ನಿನ್ನ ಸಾಮ್ರಾಜ್ಯ!"

"ತಡೀರಿ, ಓದೂಣು," ಅಂದಳು ಮಹಾನಂದಾ, ಕನ್ನಡಕ ಏರಿಸಿಕೊಂಡು. "'ರಣರಂಗಕ್ಕೆ ಬಂದ ಕೂಡಲೇ ಆನೆಯು ಒಬ್ಬ ಸೈನಿಕನನ್ನು ತುಳಿಯಬೇಕು.' ಕೋಟೆ ಒಡಿಯೂದು ಆಮ್ಯಾಲೆ. ಮೊದ್ಲ ತುಳೀರಿ."

"ತುಳಿಯಾಕ ನಿನ್ನ ಸೈನಿಕ ಎಲ್ಲಿ ಅದಾನ?"

"ನನ್ನ ಸೈನಿಕ ಅಂತ ಎಲ್ಲಿ ಬರದೀರಿ? ಹೊರಗ ನಿಂತಾಂವ ನಿಮ್ಮವ ಒಬ್ಬನ."

"ಅಲ್ಲ... ಅದರ ಅರ್ಥ ಹಂಗಲ್ಲ!"

"'ತುಳಿಯಬಹುದು' ಅಂತಿದ್ರ ಬಿಡಬಹುದಿತ್ತು. ಬರದಾಂವ ನೀವ, 'ತುಳಿಯಬೇಕು' ಅಂತ."

ಚನಬಸಪ್ಪನ ಆನೆ ಚನಬಸಪ್ಪನ ಸೈನಿಕನನ್ನೇ ಚಟ್ನಿ ಮಾಡಿತು. ರಾಜ ಒಂಟಿಯಾದ. ಆಟ ಮುಗಿಯಿತು.

ಭಾನುವಾರ ಟ್ರಾಫಿಕ್ಕಿನಲ್ಲಿ ತೆವಳುತ್ತ ಹೆಬ್ಬಗೋಡಿ ಮುಟ್ಟಿದಾಗ ಮಹಾನಂದಾ ಬ್ಯಾಗಿನಿಂದ ಕಾರ್ಡುಗಳನ್ನು ತೆಗೆದಳು. ಚಿಕ್ಕಮ್ಮನ ಗಂಡ ಮಡಿವಾಳಪ್ಪನವರು ರಿಟೈರಾದ ಮೇಲೆ ಮಾತಿಗೆ ಜನ ಸಿಗದೆ ಒದ್ದಾಡುತ್ತಿದ್ದರು. ಸೋತರೂ ಬಿಡದೆ, ಊಟಕ್ಕೆ ಎಬ್ಬಿಸಿದರೂ ಏಳದೆ, ಒಂದೊಂದು ಕಾರ್ಡಿನ ಒಂದೊಂದು ಪದಕ್ಕೂ ಅಳಿಯನೊಡನೆ ಜಗಳ ಕಾದರು. ಸಂಜೆ ಹೊರಡುವಾಗ ಅವನ ಎರಡೂ ಕೈ ಹಿಡಿದುಕೊಂಡರು.

"ಅಳಿಯಂದಿರ, ಭಾಳ ದಿವಸದ ಮ್ಯಾಲೆ ಮೈಯಾಗ ಜೀವ ಬಂದಂಗಾತು. ಇನ್ನ ಪ್ರತಿ ಐತವಾರ ಬಂದಬಿಡ್ರಿ!"

ಚನಬಸಪ್ಪ ಕಾಪಾಡೆಂಬಂತೆ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಚಿಕ್ಕಮ್ಮನಿಗೆ ಹೇಳುತ್ತಿದ್ದಳು: "ಬರತೀವಿ ಚಿಕ್ಕಮ್ಮಾ. ಮುಂದಿನ ವಾರ ಇವರಿಗೆ ಕರಿಗಡಬು ಮಾಡು."